ಬೇಸಿಗೆಗೂ ಚಳಿಗೂ ಸೋಲದ ಕೈಪಂಪು
ಗ್ರಾಮದ ಹಿರಿಯರಿಗೂ ಭೂಮಾಲೀಕರಿಗೂ ತಿಳಿವಳಿಕೆಯ ಪತ್ರ

1. ಪೀಠಿಕೆ

ತೆರೆದ ಬಾವಿಗೆ ಮುಚ್ಚಳ ಹಾಕಿಸಿ ಅದರ ಮೇಲೆ ಕೈಪಂಪನ್ನು ಇಡಿಸಬೇಕೆಂಬ ಅಪೇಕ್ಷೆಯು ಅನೇಕ ಗ್ರಾಮಸ್ಥರಲ್ಲಿ ಉಂಟು. ಇದು ಸ್ತುತ್ಯವಾದ ಅಪೇಕ್ಷೆಯೇ ಸರಿ. ಹಗ್ಗದ ಕೊಳೆ, ಕೊಡದ ತಳದ ಮಣ್ಣು, ಬಾವಿಕಟ್ಟೆಯ ಮೇಲೆ ಒಗೆದ ಬಟ್ಟೆಯ ನೀರು, ಇವೆಲ್ಲವೂ ತೆರೆದ ಬಾವಿಯಲ್ಲಿ ಕುಡಿಯುವ ನೀರಿಗೆ ಸೇರುತ್ತವೆ. ಜನರು ಮೆಟ್ಟಿಲು ಬಾವಿಗೆ ಕಾಲಿಟ್ಟು ಇಳಿದು ನೀರು ತುಂಬುತ್ತಿದ್ದ ಊರುಗಳಲ್ಲಿ ನಾರುಹುಣ್ಣು ಎಷ್ಟು ಮಂದಿಯನ್ನು ಬಿತ್ತನೆಯ ಕಾಲದಲ್ಲಿಯೇ ಹಾಸಿಗೆ ಹಿಡಿಸಿತ್ತೆಂಬುದನ್ನು ವೃದ್ಧರು ಬಲ್ಲರು. ಅಂತಹ ಬಾವಿಗಳನ್ನು ಮಾರ್ಪಡಿಸಿ, ಪಂಪುಗಳನ್ನು ಇಟ್ಟು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿದ ಮೇಲೆ ಆ ರೋಗವು ಕ್ರಮವಾಗಿ ಇಳಿದು, ಭಾರತದಲ್ಲಿ ಅದರ ಕೊನೆಯ ರೋಗಿಯು 1996ರಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ದೇಶವು ಅದರಿಂದ ಮುಕ್ತವಾಯಿತೆಂದು ಪ್ರಕಟಿಸಿತು.

ಆದರೆ ಪಂಪನ್ನು ತಿಳಿಯದೆ ಕೊಂಡರೆ ಅದು ಅಂಗಳದಲ್ಲಿ ನಿಂತ ಕಬ್ಬಿಣದ ಕಂಬವಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಹಣವೂ ಹೋಗಿ, ಜನರು ಮರಳಿ ಕೊಳಕು ನೀರಿಗೇ ಹೋಗುತ್ತಾರೆ. ಆದಕಾರಣ ಪಂಪಿನ ರಚನೆಯಲ್ಲಿ ಯಾವುದನ್ನು ನೋಡತಕ್ಕದ್ದು ಎಂಬುದನ್ನು ಇಲ್ಲಿ ವಿವರಿಸಿದೆ.

2. ಹೀರುವ ಪಂಪಿನ ಮಿತಿ

ಸಾಧಾರಣವಾಗಿ ಮನೆಗಳ ಹಿತ್ತಲಲ್ಲಿ ಕಾಣುವ ಎರಕದ ಪಂಪಿನಲ್ಲಿ ಪಿಸ್ಟನ್ ಮತ್ತು ಸಿಲಿಂಡರು ನೆಲದ ಮೇಲಿರುತ್ತವೆ. ಒಂದು ಕೊಳವೆಯು ಮಾತ್ರ ನೀರಿಗೆ ಇಳಿದಿರುತ್ತದೆ. ಹಿಡಿಕೆಯನ್ನು ಒತ್ತಿದಾಗ ಪಂಪು ನೀರನ್ನು ಎಳೆಯುತ್ತದೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ಪಂಪು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆಯೇ ಹೊರತು ನೀರನ್ನು ಮೇಲಕ್ಕೆ ನೂಕುವುದು ಬಾವಿಯ ನೀರಿನ ಮೇಲೆ ಒತ್ತುತ್ತಿರುವ ಹೊರಗಿನ ವಾಯು. ಇಟಲಿ ದೇಶದ ಟಾರಿಸೆಲ್ಲಿ ಎಂಬ ವಿದ್ವಾಂಸನು 17ನೆಯ ಶತಮಾನದಲ್ಲಿ ಇದನ್ನು ತೋರಿಸಿಕೊಟ್ಟನು. ವಾಯುವಿನ ಭಾರಕ್ಕೆ ಮಿತಿಯಿರುವುದರಿಂದ ನೀರು ಏರುವ ಎತ್ತರಕ್ಕೂ ಮಿತಿಯುಂಟು.

ಸಮುದ್ರ ತೀರದಲ್ಲಿ ಈ ಮಿತಿಯು ಸುಮಾರು 34 ಅಡಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ವಾಯುವಿನ ಒತ್ತಡವು ಹತ್ತರಲ್ಲಿ ಒಂದು ಪಾಲು ಕಡಿಮೆ. ಮಿತಿಯು ಸುಮಾರು 30 ಅಡಿಗೆ ಇಳಿಯುತ್ತದೆ. ಇದೂ ಲೆಕ್ಕದ ಮಾತು. ವಾಷರು ಸವೆಯುವುದು, ಕೀಲುಗಳಲ್ಲಿ ಗಾಳಿ ನುಸುಳುವುದು, ಇವನ್ನೆಲ್ಲ ಕಳೆದರೆ ಕೋಲಾರ, ಬೆಂಗಳೂರು ಸೀಮೆಯಲ್ಲಿ ಹೀರುವ ಪಂಪನ್ನು 20 ಅಡಿಗಿಂತ ಆಳದ ನೀರಿಗೆ ನಂಬತಕ್ಕದ್ದಲ್ಲ. ಕರಾವಳಿಯ ನೆಂಟರ ಮನೆಯಲ್ಲಿ ಚೆನ್ನಾಗಿ ನಡೆಯುವ ಪಂಪು ನಮ್ಮಲ್ಲಿ ನಡೆಯದಿದ್ದರೆ ಅದಕ್ಕೆ ಇದೇ ಕಾರಣವಿರಬಹುದು.

3. ಒಂದು ತಪ್ಪಿನ ವೃತ್ತಾಂತ

ಈ ಪಾಠವನ್ನು ನಾನು ಪುಸ್ತಕದಲ್ಲಿ ಓದಿದ್ದರೂ ಮನಸ್ಸಿಗೆ ಹತ್ತಿದ್ದು ನನ್ನ ತಪ್ಪಿನಿಂದಲೇ. ಕೆಲವು ವರ್ಷಗಳ ಹಿಂದೆ ಪೂರ್ವದ ಸೀಮೆಯ ಒಂದು ಊರಿನಲ್ಲಿ, ದೀಪಾವಳಿಯ ಸಮಯಕ್ಕೆ, ಬಾವಿಯ ನೀರನ್ನು ಅಳೆದೆನು. 16 ಅಡಿಗೆ ನೀರಿತ್ತು. ಹೀರುವ ಪಂಪು ಸಾಕೆಂದು ಸಲಹೆ ಕೊಟ್ಟೆನು. ಊರವರು ವಂತಿಗೆ ಎತ್ತಿ ಇಡಿಸಿದರು. ಯುಗಾದಿ ಕಳೆಯುವಷ್ಟರಲ್ಲಿ ನೀರು 27 ಅಡಿಗೆ ಇಳಿದಿತ್ತು. ಪಂಪು ಬುಸುಗುಟ್ಟಿತೇ ಹೊರತು ಹನಿ ನೀರು ಬರಲಿಲ್ಲ. ಮೇಲಿನಿಂದ ನೀರು ಹೊಯ್ದರೆ ಹಿಡಿದುಕೊಳ್ಳುವುದೆಂದು ಯಾರೋ ಹೇಳಿದ್ದರಿಂದ, ಹೆಂಗಸರು ಕುಂಟೆಯ ನೀರನ್ನು ತಂದು ಬಿಂದಿಗೆಗಟ್ಟಲೆ ಪಂಪಿನ ಬಾಯಿಗೆ ಹೊಯ್ದರು. ದನಗಳು ಇಳಿಯುವ ಕುಂಟೆಯದು.

ಆ ತಿಂಗಳಲ್ಲಿ ಊರಿನ ಮಕ್ಕಳಿಗೆ ವಾಂತಿಭೇದಿ ಆಯಿತು. ಆ ನೀರೇ ಅದಕ್ಕೆ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ನಾನು ಹೋದಾಗ ಒಬ್ಬ ಮುದುಕಿಯು, “ನೀರು ಕೊಡಬೇಕಾದ್ದು ನಮ್ಮನ್ನೇ ನೀರು ಕೇಳ್ತದಲ್ಲ ಸ್ವಾಮಿ, ಇದ್ಯಾವ ಯಂತ್ರ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಳೆಗಾಲದ ಕೊನೆಯಲ್ಲಿ ಅಳೆದ ನೀರಿನ ಮೇಲೆ ಬೇಸಿಗೆಯ ಪಂಪನ್ನು ಗೊತ್ತು ಮಾಡಿದ್ದೇ ನನ್ನ ತಪ್ಪು. ಬಾವಿಯನ್ನು ಚೈತ್ರ ವೈಶಾಖಗಳಲ್ಲಿ ಅಳೆಯಿರಿ. ಆಗ ಅಳೆಯಲು ಅವಕಾಶವಿಲ್ಲದಿದ್ದರೆ, ಬರಗಾಲದ ವರ್ಷದಲ್ಲಿ ನೀರು ಎಲ್ಲಿಯವರೆಗೆ ಇಳಿದಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿಯಿರಿ.

4. ಸಿಲಿಂಡರನ್ನು ನೀರಿನೊಳಕ್ಕೆ ಇಳಿಸುವುದು

ಪರಿಹಾರವು ಸರಳವಾದುದು. ಪಿಸ್ಟನ್ನೂ ಸಿಲಿಂಡರೂ ನೆಲದ ಮೇಲೆ ಇರಬಾರದು. ಬೇಸಿಗೆಯ ಅತಿ ತಗ್ಗಿನ ನೀರಿಗಿಂತಲೂ ಕೆಳಗೆ, ಬಾವಿಯ ತಳದ ಕೆಸರಿಗಿಂತ ಮೂರು ನಾಲ್ಕು ಅಡಿ ಮೇಲೆ ಇರಬೇಕು. ಹಿಡಿಕೆಯಿಂದ ಒಂದು ಉದ್ದ ಸರಳು ಕೊಳವೆಯ ಒಳಗೇ ಇಳಿದು ಪಿಸ್ಟನ್ನನ್ನು ಆಡಿಸುತ್ತದೆ. ಆಗ ನೀರನ್ನು ವಾಯುವು ನೂಕಬೇಕಾಗಿಲ್ಲ. ಬಾವಿಗೆ ಇಳಿಬಿಟ್ಟ ಕೊಡದಂತೆ ಪಿಸ್ಟನ್ನೇ ನೀರನ್ನು ಹೊತ್ತು ತರುತ್ತದೆ. ಮೇಲಿನಿಂದ ನೀರು ಹೊಯ್ಯುವ ಕೆಲಸವೂ ಇಲ್ಲ. ವಾಷರು ಸದಾ ನೆನೆದಿರುವುದರಿಂದ ಒಣಗಿ ಬಿರಿಯುವ ಭಯವೂ ಇಲ್ಲ.

ಬೆಂಗಳೂರು ದಂಡಿನ ಬೆನ್ಸನ್ ಟೌನಿನಲ್ಲಿ ನಾನು ವಾಸಿಸುವ ಹಳೆಯ ಮನೆಯ ಹಿತ್ತಲ ಬಾವಿಗೂ ಇದೇ ರೀತಿಯಲ್ಲಿ ಮಾಡಿಸಿದೆನು. ಮೊದಲಿದ್ದ ಎರಕದ ಪಂಪು ಮಳೆಗಾಲದಲ್ಲಿ ಮಾತ್ರ ನೀರು ಕೊಡುತ್ತಿತ್ತು. ಸಿಲಿಂಡರನ್ನು 38 ಅಡಿಗೆ ಇಳಿಸಿದ ಮೇಲೆ ಬೇಸಿಗೆಯಲ್ಲಿಯೂ ನಿಲ್ಲಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸರ್ಕಾರಿ ಕೊಳವೆ ಬಾವಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬತ್ತಿಹೋದಾಗ, ಪಾತ್ರೆ ತೊಳೆಯಲು, ಗಿಡಕ್ಕೆ ಹಾಕಲು ನೆರೆಯವರೂ ಅಲ್ಲಿಗೇ ಬಂದರು. ಪಂಪು ನೀರನ್ನು ಹುಟ್ಟಿಸಲಾರದು. ಇದ್ದ ನೀರನ್ನು ಕೊಟ್ಟಿತು, ಅಷ್ಟೆ.

5. ಚಳಿ ಪ್ರದೇಶದವರ ಉಪಾಯ

ನೀರು ಹೆಪ್ಪುಗಟ್ಟುವ ಸೀಮೆಗಳಲ್ಲಿಯೂ ಕೈಪಂಪಿನ ರಚನೆಯು ಇದೇ ತತ್ತ್ವವನ್ನು ಅನುಸರಿಸುತ್ತದೆ. ಇದನ್ನು ತಿಳಿಯುವುದರಿಂದ ನಮ್ಮ ಪಂಪನ್ನೂ ಚೆನ್ನಾಗಿ ಅರಿಯಬಹುದು. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆಯು 1884ನೆಯ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್; ಇಲ್ಲಿ ಕೊಳವೆಯ ನೀರು ಹೆಪ್ಪುಗಟ್ಟುವ ಭಯವಿಲ್ಲ. ಆದರೆ ನೀಲಗಿರಿಯ ತಗ್ಗುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಹುಲ್ಲಿನ ಮೇಲಿನ ಇಬ್ಬನಿಯು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಲಡಾಖಿನಲ್ಲಿಯಂತೂ ಚಳಿಗಾಲದಲ್ಲಿ ಮಣ್ಣೇ ಕಲ್ಲಿನಂತಾಗುತ್ತದೆ.

ನೀರು ಮಂಜುಗಡ್ಡೆಯಾಗುವಾಗ ನೂರು ಪಾಲು ಇದ್ದದ್ದು ಸುಮಾರು ನೂರೊಂಬತ್ತು ಪಾಲಾಗಿ ಹಿಗ್ಗುತ್ತದೆ. ಪಂಪಿನ ಒಡಲಲ್ಲಿ ನೀರು ನಿಂತಿದ್ದರೆ ಆ ಹಿಗ್ಗುವಿಕೆಯಿಂದ ಎರಕದ ಕಬ್ಬಿಣವೂ ಸೀಳುತ್ತದೆ. ಗೋಣಿ ಸುತ್ತುವುದು, ಹುಲ್ಲು ಕಟ್ಟುವುದು ಅಲ್ಪ ಸ್ವಲ್ಪ ಸಹಾಯ ಮಾಡಬಹುದು. ದೃಢವಾದ ಉಪಾಯವೆಂದರೆ ಹೆಪ್ಪುಗಟ್ಟುವ ಸ್ಥಳದಲ್ಲಿ ನೀರನ್ನೇ ನಿಲ್ಲಿಸದಿರುವುದು. ಅದಕ್ಕಾಗಿ ಸಿಲಿಂಡರನ್ನು ಆಳದ ನೀರಿನಲ್ಲಿಟ್ಟು, ನೀರು ಏರುವ ಕೊಳವೆಯಲ್ಲಿ, ಚಳಿಯು ತಲಪದ ಆಳದಲ್ಲಿ, ಸುಮಾರು 3 ಮಿಲಿಮೀಟರಿನ ಒಂದು ಸಣ್ಣ ತೂತನ್ನು ಕೊರೆಯುತ್ತಾರೆ. ನೀರು ತುಂಬುವುದನ್ನು ನಿಲ್ಲಿಸಿದೊಡನೆ ತೂತಿನ ಮೇಲಿರುವ ನೀರು ಅದರ ಮೂಲಕ ಬಾವಿಗೇ ಇಳಿದು ಮೇಲಿನ ಕೊಳವೆ ಬರಿದಾಗುತ್ತದೆ. ತೂತು ಮೂತಿಯಿಂದ ಆರು ಅಡಿ ಕೆಳಗಿದ್ದರೆ, ಒಂದೂಕಾಲು ಅಂಗುಲದ ಕೊಳವೆಯಿಂದ ಒಂದೂವರೆ ಲೀಟರಿನಷ್ಟು ನೀರು ಎರಡು ಮೂರು ನಿಮಿಷದಲ್ಲಿ ಇಳಿದುಹೋಗುತ್ತದೆ. ಮರುದಿನ ನಾಲ್ಕೈದು ಸಲ ಒತ್ತಿದರೆ ನೀರು ಪುನಃ ಮೇಲೆ ಬರುತ್ತದೆ. ಪಂಪು ಆಡುವಾಗಲೂ ಹತ್ತರಲ್ಲಿ ಒಂದು ಪಾಲಿನಷ್ಟು ನೀರು ತೂತಿನಿಂದ ಹಿಂದಿರುಗುವುದು ನಿಜ. ಪಂಪು ಒಡೆಯುವುದಕ್ಕಿಂತ ಈ ನಷ್ಟವು ಲೇಸು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಸಿಲಿಂಡರಿಗಿಂತ ಮೇಲಿನ ಕೊಳವೆಯಲ್ಲಿ ತೂತಿದ್ದರೆ ಸ್ವಲ್ಪ ನೀರು ಸೋರುತ್ತದೆ, ಪಂಪು ನಡೆಯುತ್ತದೆ. ಸಿಲಿಂಡರಿಗಿಂತ ಕೆಳಗಿನ ಹೀರುವ ಕೊಳವೆಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಸೂಜಿಯಷ್ಟು ತೂತಿದ್ದರೂ ಗಾಳಿ ನುಗ್ಗಿ ಪಂಪು ಸೋಲುತ್ತದೆ. ಆದಕಾರಣ ಚಳಿ ದೇಶದ ಈ ತೂತನ್ನು ಅಲ್ಲಿಯವರ ಬುದ್ಧಿಯೆಂದು ಕಂಡು ಇಲ್ಲಿಯ ಹೀರುವ ಪಂಪಿಗೆ ಯಾರೂ ಕೊರೆಯತಕ್ಕದ್ದಲ್ಲ. ನಮ್ಮ ಸೀಮೆಗೆ ತೂತು ಬೇಡ. ಸಿಲಿಂಡರನ್ನು ನೀರಿನೊಳಗಿಡುವ ಕ್ರಮ ಮಾತ್ರ ಬೇಕು. ತೂತು ಬೇಕಾದ ಸೀಮೆಯವರೂ ಅದರ ನೀರು ಬಾವಿಯ ಒಳಕ್ಕೇ ಬೀಳುವಂತೆ ಮಾಡತಕ್ಕದ್ದು. ಕೊಳವೆಯು ಹೊರಗಿನ ಮಣ್ಣಿನಲ್ಲಿ ಹೂತಿರುವ ಕಡೆ ಕೊರೆದರೆ ಮಣ್ಣಿನ ಕೊಳೆಯು ಕೊಳವೆಗೆ ಸೇರಬಹುದು.

6. ಸಿಲಿಂಡರಿನ ಅಗಲವೂ ಹಿಡಿಕೆಯ ಭಾರವೂ

ದೊಡ್ಡ ಸಿಲಿಂಡರು ಹೆಚ್ಚು ನೀರು ಕೊಡುವುದೆಂದು ಕೆಲವರು ಹಠಮಾಡುತ್ತಾರೆ. ಲೆಕ್ಕವನ್ನು ನೋಡಿರಿ. ನೀರನ್ನು 60 ಅಡಿ ಎತ್ತಬೇಕಾಗಿದೆ. ಹಿಡಿಕೆಯು ಎಂಟಕ್ಕೆ ಒಂದರಂತೆ ಭಾರವನ್ನು ಇಳಿಸುತ್ತದೆ ಎಂದಿಟ್ಟುಕೊಳ್ಳೋಣ. ಎರಡೂವರೆ ಅಂಗುಲದ ಸಿಲಿಂಡರಿನಲ್ಲಿ ನೀರಿನ ಕಂಬವು ಸುಮಾರು 58 ಕಿಲೋ, ಸರಳು ಸುಮಾರು 16 ಕಿಲೋ, ಒಟ್ಟು 74 ಕಿಲೋ. ಕೈಗೆ ಬೀಳುವ ಭಾರವು ಒಂಬತ್ತು ಕಿಲೋವಿಗೆ ಸ್ವಲ್ಪ ಮೇಲೆ. ನಾಲ್ಕು ಅಂಗುಲದ ಸಿಲಿಂಡರಿನಲ್ಲಿ ನೀರೇ ಸುಮಾರು 148 ಕಿಲೋ. ಕೈಗೆ ಬೀಳುವುದು 20 ಕಿಲೋವಿಗೆ ಮೇಲೆ. ಊರಿನ ಪಂಪನ್ನು ಒತ್ತುವವರು ಬಹುತೇಕ ಹೆಂಗಸರು ಮತ್ತು ಶಾಲೆಗೆ ಹೋಗುವ ಮಕ್ಕಳು. ಅವರಿಗೆ ಯಾವುದು ಸಾಧ್ಯವೋ ಅದೇ ಒಳ್ಳೆಯ ಪಂಪು.

ಎರಡೂವರೆ ಅಂಗುಲದ ಸಿಲಿಂಡರಿನಲ್ಲಿ ಪಿಸ್ಟನ್ ಐದು ಅಂಗುಲ ಆಡಿದರೆ ಒಂದೊಂದು ಸಲಕ್ಕೆ ಸುಮಾರು 0.4 ಲೀಟರು. ನಿಮಿಷಕ್ಕೆ 40 ಸಲ ಒತ್ತಿದರೆ ಲೆಕ್ಕಕ್ಕೆ 16 ಲೀಟರು. ಸೋರಿಕೆಯನ್ನು ಕಳೆದು 12 ಲೀಟರು ಬಂದರೂ ಒಂದು ಬಿಂದಿಗೆಯು ಬೇಗನೆ ತುಂಬುತ್ತದೆ.

ದೇಶದ ಹಳ್ಳಿಗಳಿಗೆ ಮೊದಲು ಬಂದ ಎರಕದ ಪಂಪುಗಳು ಒಂದು ಕುಟುಂಬದ ಬಳಕೆಗೆ ಮಾಡಿದ ವಿದೇಶದ ಪಂಪುಗಳ ಮಾದರಿಯವು. ಇಡೀ ಊರು ಬೆಳಗಿನಿಂದ ಸಂಜೆಯವರೆಗೆ ಒತ್ತಿದಾಗ ಅವುಗಳ ಕೀಲುಗಳು ಸವೆದು ಮುರಿದವು. ಅದನ್ನು ಕಂಡು, ಸೊಲ್ಲಾಪುರದಲ್ಲಿ ಬಳಕೆಯಲ್ಲಿದ್ದ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು, ಯುನಿಸೆಫ್ ಸಂಸ್ಥೆಯ ಸಹಾಯದಿಂದ 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್ 2’ ಎಂಬ ಪಂಪನ್ನು ರೂಪಿಸಿದರು. ಇದರಲ್ಲಿ ಹಿಡಿಕೆಯು ಗುಂಡುಗಳುಳ್ಳ ಬೇರಿಂಗಿನ ಮೇಲೆ ತಿರುಗುತ್ತದೆ; ಸರಳನ್ನು ಸರಪಣಿಯಿಂದ ತೂಗಿರುವುದರಿಂದ ಅದು ಓರೆಯಾಗದೆ ನೆಟ್ಟಗೆ ಆಡುತ್ತದೆ. ಅನಂತರದ ‘ಮಾರ್ಕ್ 3’ರಲ್ಲಿ ಕೊಳವೆಯನ್ನೆಲ್ಲ ಕೀಳದೆಯೇ ಪಿಸ್ಟನ್ನನ್ನು ಮೇಲಕ್ಕೆ ತೆಗೆದು ವಾಷರು ಬದಲಾಯಿಸಬಹುದು. ಹೊಸದಾಗಿ ಕೊಳ್ಳುವವರು ಈ ಸೌಕರ್ಯವನ್ನು ಕೇಳಿ ಕೊಳ್ಳುವುದು ಲಾಭಕರ.

7. ಕಟ್ಟೆಯೂ ಶುಚಿಯೂ

ಬಾವಿಯ ಬಾಯನ್ನು ಸಿಮೆಂಟಿನ ಹಾಸಿನಿಂದ ಮುಚ್ಚಿ, ಬಿಗಿಯಾದ ಮುಚ್ಚಳವುಳ್ಳ ಒಂದು ಕಿಂಡಿಯನ್ನು ಬಿಡತಕ್ಕದ್ದು. ಸುತ್ತಲೂ ಹೊರಕ್ಕೆ ಇಳಿಜಾರಾದ ಕಟ್ಟೆಯನ್ನು ಕಟ್ಟಿಸಿ, ಚೆಲ್ಲಿದ ನೀರು ಚರಂಡಿಯ ಮೂಲಕ ತೆಂಗಿನ ಇಲ್ಲವೆ ಬಾಳೆಯ ಬುಡಕ್ಕೆ ಹೋಗುವಂತೆ ಮಾಡಿರಿ. ಶೌಚಗುಂಡಿ, ತಿಪ್ಪೆಗಳು ಬಾವಿಯಿಂದ 50 ಅಡಿಗಿಂತ ಹತ್ತಿರ ಇರಕೂಡದು.

ನೀರಿಗೆ ಔಷಧಿ ಹಾಕುವಾಗ 1,000 ಲೀಟರಿಗೆ ಎರಡೂವರೆ ಗ್ರಾಮಿನಷ್ಟು ಒಳ್ಳೆಯ ಬ್ಲೀಚಿಂಗ್ ಪುಡಿಯು ಸಾಮಾನ್ಯ ಪ್ರಮಾಣ. 6 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರಿದ್ದರೆ ಅದು ಸುಮಾರು 8,000 ಲೀಟರು. 20 ಗ್ರಾಂ ಪುಡಿ ಬೇಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣವು ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಹೊಯ್ದು, ಒಂದು ಗಂಟೆಯ ಕಾಲ ಯಾರೂ ನೀರು ತೆಗೆಯದಂತೆ ನೋಡಿಕೊಳ್ಳಿರಿ.

8. ಬಾವಿಗೆ ಇಳಿಯುವವರ ಪ್ರಾಣ

ಬಹುಕಾಲ ಮುಚ್ಚಿದ್ದ ಬಾವಿಗೆ ಆಳನ್ನು ಇಳಿಸುವ ಮೊದಲು ಹಿರಿಯರು ತಾವೇ ನಿಂತು ನೋಡತಕ್ಕದ್ದು. ತಳದಲ್ಲಿ ಕೆಟ್ಟ ವಾಯು ಸೇರಿದ್ದು, ಪ್ರಾಣವಾಯುವು ಇಲ್ಲದಿರಬಹುದು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿರಿ. ಕೆಲವು ವಿಷವಾಯುಗಳಲ್ಲಿ ದೀಪವು ಉರಿಯುತ್ತಲೇ ಇರುತ್ತದೆ, ಕೆಲವು ವಾಯುಗಳಿಗೆ ಬೆಂಕಿಯೇ ಹತ್ತುತ್ತದೆ. ಊದುಯಂತ್ರದಿಂದ ತಳದವರೆಗೆ ಹೊಸ ಗಾಳಿಯನ್ನು ಬಹಳ ಹೊತ್ತು ಬಿಡಿಸಿ, ಇಳಿಯುವವನ ಎದೆಗೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದಿರಬೇಕು. ಒಳಗಿದ್ದವನು ಮೂರ್ಛೆಹೋದರೆ ಹಗ್ಗದಿಂದ ಎಳೆಯಿರಿ. ಅವನ ಹಿಂದೆ ಮತ್ತೊಬ್ಬನು ಇಳಿಯಕೂಡದು. ಹಾಗೆ ಇಳಿದೇ ಒಂದೇ ಮನೆಯ ಇಬ್ಬರು ಮೂವರು ಪ್ರಾಣ ಬಿಟ್ಟಿರುವುದುಂಟು. ಕೂಡಿದ ಮಟ್ಟಿಗೆ ಸಿಲಿಂಡರನ್ನು ಮೇಲಿನಿಂದಲೇ ಇಳಿಬಿಡುವುದು ಉತ್ತಮ.

9. ಊರಿನವರ ಹೊಣೆ

ಪಂಪನ್ನು ಇಡಿಸಿದ ದಿನವೇ ಅದರ ಪಾಲಕನನ್ನೂ ಗೊತ್ತುಮಾಡಿರಿ. ಎರಡು ಜೊತೆ ವಾಷರು, ಕೀಲಿಗೆ ಬೇಕಾದ ಬೋಲ್ಟುಗಳು, ಎರಡು ಸ್ಪ್ಯಾನರುಗಳು ಊರಲ್ಲಿಯೇ ಇರಲಿ. ತಿಂಗಳಿಗೊಮ್ಮೆ ಸರಪಣಿಗೆ ಗ್ರೀಸು ಹಚ್ಚಿ, ಸಡಿಲಾದ ಬೋಲ್ಟುಗಳನ್ನು ಬಿಗಿಮಾಡತಕ್ಕದ್ದು. ನೀರಿನ ಮಟ್ಟವನ್ನು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅಳೆದು ಒಂದು ಪುಸ್ತಕದಲ್ಲಿ ಬರೆದಿಡಿರಿ. ನಾಲ್ಕೈದು ವರ್ಷಗಳ ಅಂತಹ ಬರಹವು ಯಾವ ಇನ್‌ಸ್ಪೆಕ್ಟರನ ಸಲಹೆಗಿಂತಲೂ ಹೆಚ್ಚು ಬೆಲೆಯುಳ್ಳದ್ದು.

ಮೇಲೆ ಹೇಳಿದ ಊರಿನಲ್ಲಿ ಸಿಲಿಂಡರನ್ನು ಕೆಳಕ್ಕೆ ಇಳಿಸಿ, ಬಾವಿಯನ್ನು ಶುಚಿಮಾಡಿಸಿದ ಮೇಲೆ, ಮುಂದಿನ ವೈಶಾಖದಲ್ಲಿ ನಾನು ಪುನಃ ಹೋದೆನು. ಆ ಮುದುಕಿಯು ಬಿಂದಿಗೆಯನ್ನು ತುಂಬಿಕೊಂಡು ಹೋಗುತ್ತಿದ್ದಳು. ನನ್ನನ್ನು ಕಂಡು ಏನೂ ಹೇಳಲಿಲ್ಲ; ಒಂದು ಲೋಟ ನೀರನ್ನು ಬಗ್ಗಿಸಿ ಕೊಟ್ಟಳು. ತಮ್ಮ ತಮ್ಮ ಊರುಗಳಲ್ಲಿಯೂ ಬೇಸಿಗೆಯ ಬಾಯಾರಿಕೆಗೆ ಇಂತಹ ನೀರು ಸಿಕ್ಕುವಂತೆ ಗ್ರಾಮದ ಮುಖಂಡರು ಈಗಿನಿಂದಲೇ ಏರ್ಪಾಡು ಮಾಡಬೇಕೆಂದು ಪ್ರಾರ್ಥನೆ.