ಉರಿಯುವುದೆಲ್ಲ ಡೀಸೆಲ್ ಅಲ್ಲ

ಪ್ಲಾಸ್ಟಿಕ್ಕಿನಿಂದ ತೆಗೆದ ಎಣ್ಣೆಯನ್ನು ಟಿಲ್ಲರಿಗೆ ಹಾಕಬಹುದೇ, ಟ್ರ್ಯಾಕ್ಟರಿಗೆ ಹಾಕಬಹುದೇ ಎಂದು ಕೇಳುವ ಹುಡುಗರು ಈಚೆಗೆ ಹೆಚ್ಚಾಗಿದ್ದಾರೆ. ಹಾಸನದಲ್ಲಿ ಎಂಜಿನಿಯರಿಂಗ್ ಓದುವವರು ಪ್ರಾಜೆಕ್ಟಿಗೆಂದು ಕೇಳುತ್ತಾರೆ. ಅರಕಲಗೂಡಿನ ಶುಂಠಿ ಬೆಳೆಗಾರರು ಪಂಪ್‌ಸೆಟ್ಟಿಗೆಂದು ಕೇಳುತ್ತಾರೆ. ಚನ್ನರಾಯಪಟ್ಟಣದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಓಡಿಸುವವರು ಲೀಟರಿಗೆ ನಾಲ್ಕು ಕಾಸು ಉಳಿಯುತ್ತದಲ್ಲ ಅಂತ ಕೇಳುತ್ತಾರೆ. ಎಲ್ಲರೂ ಮೊಬೈಲಿನಲ್ಲಿ ನೋಡಿರುವುದು ಒಂದೇ: ಡ್ರಮ್ಮಿನ ಕೆಳಗೆ ಬೆಂಕಿ, ಪೈಪಿನ ತುದಿಯಲ್ಲಿ ತೊಟ್ಟಿಕ್ಕುವ ಹಳದಿ ಎಣ್ಣೆ, ಆ ಎಣ್ಣೆಗೆ ಎಂಜಿನ್ ಸ್ಟಾರ್ಟ್ ಆಗುವುದು. ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ಡೀಸೆಲ್ ಪಂಪು, ನಾಜಲ್ ಬಿಚ್ಚಿ ಕಟ್ಟುವುದರಲ್ಲೇ ಬದುಕಿನ ಬಹುಪಾಲು ಕಳೆದವನು ನಾನು. ವಿಡಿಯೋ ಮುಗಿದ ಮೇಲೆ ಏನಾಗುತ್ತದೆ ಎಂಬುದು ನನ್ನ ಮೇಜಿನ ಮೇಲೆ ಬರುತ್ತದೆ. ಅದಕ್ಕೇ ಈ ಮಾತು.

ಮೊದಲೇ ಹೇಳಿಬಿಡುತ್ತೇನೆ, ಪ್ಲಾಸ್ಟಿಕ್ಕಿನಿಂದ ಎಣ್ಣೆ ಬರುವುದು ಸುಳ್ಳಲ್ಲ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ 2019ರ ಆಗಸ್ಟಿನಲ್ಲಿ ಗೇಲ್ ಕಂಪನಿಯ ಜೊತೆಗೂಡಿ ಒಂದು ಸ್ಥಾವರ ಶುರುಮಾಡಿದರು. ದಿನಕ್ಕೆ ಒಂದು ಟನ್ ಪ್ಲಾಸ್ಟಿಕ್ ಕೊಟ್ಟರೆ 800 ಲೀಟರ್ ಡೀಸೆಲ್ ತೆಗೆಯುವ ಸಾಮರ್ಥ್ಯ ಅದಕ್ಕೆ. ಆ ಲೆಕ್ಕದಲ್ಲಿ ಒಂದು ಲೀಟರಿಗೆ ಒಂದೂಕಾಲು ಕೆಜಿ ಪ್ಲಾಸ್ಟಿಕ್ ಬೇಕು. ಅರ್ಧ ಲೀಟರಿನ ಹಾಲಿನ ಕವರು ಎರಡು ಮೂರು ಗ್ರಾಂ ತೂಗುತ್ತದೆ, ಅಂದರೆ ಒಂದು ಲೀಟರಿಗೆ ನಾನೂರಕ್ಕೂ ಮೇಲೆ ಕವರು. ಮನೆಯ ಕಸದಲ್ಲಿ ಟ್ಯಾಂಕ್ ತುಂಬಿಸುತ್ತೇನೆ ಎಂದು ಹೊರಟವರು ಈ ಲೆಕ್ಕ ಮೊದಲು ಹಾಕಿ ನೋಡಿ. ಇನ್ನೊಂದು ಮಾತು. ಡೆಹ್ರಾಡೂನಿನವರು ಹೇಳಿದ್ದು ಡೀಸೆಲ್. ಡ್ರಮ್ಮಿನಿಂದ ತೊಟ್ಟಿಕ್ಕುವುದು ಬರೀ ಎಣ್ಣೆ. ಇವೆರಡರ ನಡುವೆ ಇರುವ ದೂರವನ್ನೇ ನೀವು ಅರ್ಥ ಮಾಡಿಕೊಳ್ಳಬೇಕು.

ಹಾಲಿನ ಕವರು, ಗೊಬ್ಬರದ ಚೀಲ, ಹನಿ ನೀರಾವರಿಯ ಕರಿ ಪೈಪು, ಇವೆಲ್ಲ ಇಂಗಾಲ ಮತ್ತು ಜಲಜನಕದ ಬಲು ಉದ್ದನೆಯ ಸರಪಳಿಗಳು. ಗಾಳಿಯಾಡದ ಪಾತ್ರೆಯಲ್ಲಿ ನಾನೂರು, ನಾನೂರೈವತ್ತು ಡಿಗ್ರಿ ಶಾಖ ಕೊಟ್ಟಾಗ ಆ ಸರಪಳಿ ತುಂಡಾಗುತ್ತದೆ. ಆದರೆ ನಮಗೆ ಬೇಕಾದ ಅಳತೆಗೇ ತುಂಡಾಗುವುದಿಲ್ಲ. ಭತ್ತ ಮಿಲ್ಲಿಗೆ ಹಾಕಿದರೆ ಅಕ್ಕಿಯ ಜೊತೆ ನುಚ್ಚು, ತೌಡು, ಹೊಟ್ಟು ಎಲ್ಲ ಬರುವ ಹಾಗೆ ಇಲ್ಲೂ ಗ್ಯಾಸು, ಪೆಟ್ರೋಲಿನಂಥ ತೆಳು ದ್ರವ, ಡೀಸೆಲಿನಂಥದ್ದು, ಮೇಣ, ತಳದಲ್ಲಿ ಮಸಿ, ಎಲ್ಲವೂ ಬರುತ್ತವೆ. ಅವನ್ನು ಬಟ್ಟಿಯಿಳಿಸಿ ಬೇರೆ ಮಾಡಿ, ತೊಳೆದು, ಸ್ಥಿರಗೊಳಿಸಿದ ಮೇಲೆ ಡೀಸೆಲ್ ಎನ್ನಬೇಕು. ಬೇರೆ ಮಾಡದೆ ಕ್ಯಾನಿಗೆ ಹಿಡಿದರೆ ಎಲ್ಲವೂ ಒಟ್ಟಿಗೆ ನಿಮ್ಮ ಟ್ಯಾಂಕಿಗೆ ಹೋಗುತ್ತದೆ.

ಇದನ್ನು ಕಣ್ಣಾರೆ ಕಾಣಬೇಕೆ? ಅಂಥ ಎಣ್ಣೆಯನ್ನು ಒಂದು ಗಾಜಿನ ಬಾಟಲಿಗೆ ಹಾಕಿ ಡಿಸೆಂಬರಿನ ರಾತ್ರಿ ಹಜಾರದ ಹೊರಗೆ ಇಡಿ. ನಮ್ಮ ಹಾಸನದ ಚಳಿ ಸಾಕು. ಬೆಳಿಗ್ಗೆ ನೋಡಿದರೆ ತಳದಲ್ಲಿ ಬೆಳ್ಳಗೆ, ಮಬ್ಬಾಗಿ ಮೇಣ ಕೂತಿರುತ್ತದೆ. ಅಲುಗಾಡಿಸಿದರೆ ಚೂರುಚೂರಾಗಿ ತೇಲುತ್ತದೆ. ಅದೇ ಚೂರುಗಳು ಫಿಲ್ಟರಿನ ಕಾಗದಕ್ಕೆ ಮೆತ್ತಿಕೊಂಡು, ಮುಂಜಾನೆ ಗದ್ದೆಯಲ್ಲಿ ಟಿಲ್ಲರ್ ಸ್ಟಾರ್ಟ್ ಆಗುವುದಿಲ್ಲ. ಬಿಸಿಲೇರಿದ ಮೇಲೆ ಸ್ಟಾರ್ಟ್ ಆಗುತ್ತದೆ. ಕಾರಣ ತಿಳಿಯದವರು ಬ್ಯಾಟರಿ ಬದಲಿಸುತ್ತಾರೆ, ಪಾಪ. ಬಾಟಲಿಯನ್ನು ಹಾಗೇ ಒಂದೆರಡು ತಿಂಗಳು ಬಿಟ್ಟರೆ ಬಣ್ಣ ಕಪ್ಪಾಗುತ್ತ ಹೋಗಿ ಗಾಜಿಗೆ ಅಂಟು ಹಿಡಿಯುತ್ತದೆ. ಸರಪಳಿ ತುಂಡಾದ ಕಡೆ ಅರೆಕೊರೆಯಾಗಿ ಉಳಿದ ಕೊಂಡಿಗಳು ಗಾಳಿಯ ಜೊತೆ, ತಮ್ಮತಮ್ಮಲ್ಲೇ ಕೂಡಿಕೊಂಡು ಆಗುವ ಅಂಟು ಅದು.

ಈಗ ಪಂಪಿನ ಒಳಗೆ ಬನ್ನಿ. ಡೀಸೆಲನ್ನು ಒತ್ತುವ ಕಡ್ಡಿಗೆ ಎಲಿಮೆಂಟು, ಅದು ಆಡುವ ಕೊಳವೆಗೆ ಬ್ಯಾರಲ್ ಎನ್ನುತ್ತೇವೆ; ಇವೆರಡರ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರಾನ್. ಅಷ್ಟು ಬಿಗಿಯಾದ ಜಾಗದಲ್ಲಿ ಜಾರುವುದಕ್ಕೆ ಬೇರೆ ಆಯಿಲ್ ಇರುವುದಿಲ್ಲ, ಡೀಸೆಲೇ ಅದಕ್ಕೆ ಜಿಡ್ಡು. ಪೆಟ್ರೋಲಿನಂಥ ತೆಳು ದ್ರವ ಸೇರಿದರೆ ಜಿಡ್ಡು ಕಡಿಮೆಯಾಗಿ ಎಲಿಮೆಂಟು ಗೀರುತ್ತದೆ. ಅಂಟು ಸೇರಿದರೆ ಕಚ್ಚಿಕೊಳ್ಳುತ್ತದೆ. ನಾಜಲನ್ನು ಟೆಸ್ಟರಿಗೆ ಹಾಕಿ ಕೈಪಂಪು ಒತ್ತಿ ನೋಡಿ: ಒಳ್ಳೆಯ ನಾಜಲ್ ಚಿರ್ ಎಂದು ಸದ್ದು ಮಾಡುತ್ತ ಮಂಜಿನಂತೆ ಸಿಡಿಸುತ್ತದೆ, ತುದಿ ಒಣಗಿರುತ್ತದೆ. ಅಂಟು ಹಿಡಿದದ್ದು ಸದ್ದಿಲ್ಲದೆ ಒಂದೇ ಗೆರೆಯಲ್ಲಿ ಚಿಮ್ಮುತ್ತದೆ, ಆಮೇಲೂ ತುದಿಯಲ್ಲಿ ಹನಿ ನಿಲ್ಲುತ್ತದೆ. ಆ ಹನಿ ಸರಿಯಾಗಿ ಉರಿಯದೆ ಪಿಸ್ಟನ್ನಿನ ತಲೆಯ ಮೇಲೆ ಕರಕಲಾಗುತ್ತದೆ, ಉಳಿದದ್ದು ಲೈನರಿನ ಗೋಡೆ ಹಿಡಿದು ಕೆಳಗಿಳಿದು ಎಂಜಿನ್ ಆಯಿಲ್ ಸೇರುತ್ತದೆ. ಹಳೆಯ ಒಂಟಿ ಸಿಲಿಂಡರ್ ಎಂಜಿನ್ ಇದನ್ನು ಸ್ವಲ್ಪ ಕಾಲ ತಡೆದುಕೊಂಡೀತು. ಸಾವಿರಾರು ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಈಗಿನ ಕಾಮನ್ ರೈಲ್ ಎಂಜಿನ್ ತಡೆಯುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಿಗೆ ಗಂಧಕ ಹತ್ತು ಪಿಪಿಎಂಗಿಂತ ಹೆಚ್ಚಿರದ ಡೀಸೆಲ್ ಬೇಕು, ಹೊಗೆ ಕೊಳವೆಯಲ್ಲಿರುವ ಸೂಕ್ಷ್ಮ ಉಪಕರಣಗಳೂ ಅದನ್ನೇ ನಂಬಿಕೊಂಡಿವೆ. ಪಿಕಪ್ಪು, ಕಾರು, ಹೊಸ ಟ್ರ್ಯಾಕ್ಟರ್ ಯಾವುದಕ್ಕೂ ಈ ಎಣ್ಣೆ ಮುಟ್ಟಿಸಬೇಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಯಾವ ಪ್ಲಾಸ್ಟಿಕ್ ಎಂಬುದು ಇನ್ನೂ ದೊಡ್ಡ ವಿಷಯ. ನಮ್ಮ ಸುತ್ತಲಿನ ತಾಲ್ಲೂಕುಗಳ ಕಸ ಒಂದೇ ಥರದ್ದಲ್ಲ. ಚನ್ನರಾಯಪಟ್ಟಣದ ತೆಂಗಿನ ತೋಟದ ಅಂಚಿನಲ್ಲಿ ಹರಿದ ಡ್ರಿಪ್ ಪೈಪು ಬಿದ್ದಿರುತ್ತದೆ, ಅದು ಪಾಲಿಥೀನ್, ಎಣ್ಣೆಗೆ ಸರಿ. ಅದರ ಪಕ್ಕದಲ್ಲೇ ಬೋರ್‌ವೆಲ್ಲಿನ ಒಡೆದ ಪಿವಿಸಿ ಪೈಪು ಬಿದ್ದಿರುತ್ತದೆ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಶಾಖ ತಗುಲಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಅದು ಡ್ರಮ್ಮು, ಪೈಪು, ನಿಮ್ಮ ಶ್ವಾಸಕೋಶ ಮೂರನ್ನೂ ತಿನ್ನುತ್ತದೆ, ಎಣ್ಣೆಗೆ ಸೇರಿದರೆ ಪಂಪನ್ನೂ. ನೀರಿನ ಬಾಟಲಿ ಪೆಟ್. ಅದರಿಂದ ಎಣ್ಣೆ ಬರುವುದು ಅಷ್ಟಕ್ಕಷ್ಟೆ, ಪುಡಿಯಂಥ ಆಮ್ಲ ಹೊರಬಂದು ಪೈಪು ಕಟ್ಟುತ್ತದೆ. ಅದನ್ನು ಗುಜರಿಗೆ ಕೊಟ್ಟರೆ ಮರುಬಳಕೆಗೆ ಹೋಗುತ್ತದೆ, ನಾಲ್ಕು ಕಾಸೂ ಸಿಗುತ್ತದೆ. ಥರ್ಮೋಕೋಲ್ ಬೇಗ ಎಣ್ಣೆಯಾಗುತ್ತದೆ ನಿಜ, ಆದರೆ ಆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ತಡವಾಗಿ ಹೊತ್ತಿಕೊಂಡು ಕರಿಹೊಗೆ ಉಗುಳುತ್ತದೆ. ಆಲೂಗಡ್ಡೆ, ಶುಂಠಿ ಹೊಲದಲ್ಲಿ ಬಿಸಾಡಿದ ಔಷಧಿ ಡಬ್ಬಿಯನ್ನಂತೂ ಯಾವ ಡ್ರಮ್ಮಿಗೂ ಹಾಕಬಾರದು. ಒಳಗೆ ಉಳಿದ ವಿಷ ಬೆಂಕಿಯಲ್ಲಿ ಏನಾಗಿ ಹೊರಬರುತ್ತದೆ ಎಂದು ನೀವೂ ನೋಡಲಾರಿರಿ, ನಾನೂ ನೋಡಲಾರೆ.

ಡ್ರಮ್ಮನ್ನು ಮನೆಯ ಹಿತ್ತಲಲ್ಲಿ ಕಟ್ಟಬೇಡಿ. ವೆಲ್ಡಿಂಗ್ ಒಂದು ಕಡೆ ಬಿಟ್ಟುಕೊಂಡು ಒಳಗೆ ಗಾಳಿ ಹೊಕ್ಕರೆ ಕಾದ ಆವಿ ಸಿಡಿಯುತ್ತದೆ. ಪೈಪು ಮೇಣ ಕಟ್ಟಿದರೆ ಒತ್ತಡ ಏರಿ ಸಿಡಿಯುತ್ತದೆ. ಬಂದ ಎಣ್ಣೆಯನ್ನು ಅಡುಗೆಮನೆಯ ಮೂಲೆಯಲ್ಲಿ ಕ್ಯಾನಿನಲ್ಲಿ ಇಡುವವರಿದ್ದಾರೆ. ಡೀಸೆಲ್ ಕನಿಷ್ಠ 35 ಡಿಗ್ರಿ ಬಿಸಿಯಾಗುವವರೆಗೂ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಾರದು ಎಂದು ಐಎಸ್ 1460 ಮಾನಕ ಹೇಳುತ್ತದೆ. ಬೇರ್ಪಡಿಸದ ಪ್ಲಾಸ್ಟಿಕ್ ಎಣ್ಣೆಯಲ್ಲಿ ಪೆಟ್ರೋಲಿನ ಅಂಶ ಇರುವುದರಿಂದ ಅದು ಮಾಮೂಲಿ ಹವೆಯಲ್ಲೇ ಹೊತ್ತಿಕೊಳ್ಳುತ್ತದೆ. ಡೀಸೆಲ್ ಕ್ಯಾನಿನ ಪಕ್ಕ ಬೀಡಿ ಸೇದಿ ಬಚಾವಾದ ಅಭ್ಯಾಸ ಇಲ್ಲಿ ಜೀವ ತೆಗೆಯುತ್ತದೆ. ಅರಕಲಗೂಡಿನ ಹೊಗೆಸೊಪ್ಪಿನ ಬ್ಯಾರನ್ನಿಗೆ ಹೇಗೂ ಒಲೆ ಉರಿಯುತ್ತಿರುತ್ತದೆ, ಅದೇ ಶಾಖದಲ್ಲಿ ಇದನ್ನೂ ಮಾಡೋಣ ಎಂಬ ಯೋಚನೆ ಯಾರ ತಲೆಗಾದರೂ ಬಂದಿದ್ದರೆ ದಯವಿಟ್ಟು ಬಿಡಿ. ಈ ಕೆಲಸಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಶೇಖರಣೆಗೆ ಪೆಟ್ರೋಲಿಯಂ ಕಾಯ್ದೆಯ ನಿಯಮ ಇದೆ. ಹೊಳೆನರಸೀಪುರದಲ್ಲಿ ಹೇಮಾವತಿ ಊರಿನ ಮಗ್ಗುಲಲ್ಲೇ ಹರಿಯುತ್ತದೆ, ರಾಮನಾಥಪುರದಲ್ಲಿ ಕಾವೇರಿ. ತಳದ ಮಸಿ, ತೊಳೆದ ಆಮ್ಲದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ಉತ್ತರ ಇರಬೇಕು.

ಈ ಎಣ್ಣೆಯನ್ನು ಡೀಸೆಲ್ ಎಂದು ಹೇಳಿ ಮಾರುವವರಿಂದ ದೂರ ಇರಿ. ಬಿಲ್ಲು ಕೊಡದವರಿಂದ, ಲ್ಯಾಬ್ ವರದಿ ತೋರಿಸದವರಿಂದ ಒಂದು ಲೀಟರನ್ನೂ ಕೊಳ್ಳಬೇಡಿ. ಕಲಬೆರಕೆ ಸಣ್ಣ ವಿಷಯ ಎನ್ನುವವರಿಗೆ ನಾನು ಎಸ್. ಮಂಜುನಾಥ್ ಹೆಸರು ಹೇಳುತ್ತೇನೆ. ಕೆಜಿಎಫ್‌ನಲ್ಲಿ ಬೆಳೆದ ಹುಡುಗ, ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡ ಕಾರಣಕ್ಕೆ 2005ರ ನವೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ನಮ್ಮ ನಾಡಿನ ಮಗ ಪ್ರಾಣ ಕೊಟ್ಟ ವಿಷಯವನ್ನು ನಾವು ಹಗುರವಾಗಿ ನೋಡಬಾರದು.

ಹಾಗಾದರೆ ನಮ್ಮದೇ ಇಂಧನ ಬೇಡವೇ ಎಂದರೆ, ಬೇಕು. ಅದಕ್ಕೆ ದಾರಿ ನಮ್ಮ ಜಿಲ್ಲೆಯಲ್ಲೇ ಹಾಕಿದ್ದಾರೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ 2007ರಲ್ಲಿ ಶುರುವಾಯಿತು. ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಮರಗಳನ್ನು ಬದುವಿನಲ್ಲಿ, ಬೀಳು ಜಾಗದಲ್ಲಿ ಬೆಳೆಸಿ, ಬೀಜ ಕೂಡಿಸಿ, ಎಣ್ಣೆ ತೆಗೆದು, ಹಿಂಡಿಯನ್ನು ಹೊಲಕ್ಕೆ ಹಾಕುವ ಲೆಕ್ಕಾಚಾರ ಅದು. ರಾಜ್ಯ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿಯನ್ನೇ ತಂದಿತು. ಅದಕ್ಕೂ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆಎಣ್ಣೆಯಲ್ಲಿ ಜನರೇಟರ್ ಓಡಿಸಿ ಹಳ್ಳಿಯವರಿಗೆ ತೋರಿಸಿದ್ದರು. 1900ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ನಮ್ಮ ಹಿರಿಯರು ದೀಪಕ್ಕೆ ಹಾಕುತ್ತಿದ್ದ ಎಣ್ಣೆಗೆ ಇಷ್ಟು ಶಕ್ತಿಯಿದೆ ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ಸಂಗತಿ.

ಆದರೆ ನ್ಯಾಯ ಎಲ್ಲದಕ್ಕೂ ಒಂದೇ. ಗಾಣದಿಂದ ಬಂದ ಹೊಂಗೆಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟಿನಷ್ಟು ಮಂದ. ಅದನ್ನು ಮೆಥನಾಲ್ ಮತ್ತು ಕ್ಷಾರದ ಜೊತೆ ಬೆರೆಸಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ನೀರು ತೆಗೆದ ಮೇಲೆ ಅದು ಬಯೋಡೀಸೆಲ್. ಎಣ್ಣೆಯಲ್ಲಿ ಹುಳಿ ಜಾಸ್ತಿಯಿದ್ದರೆ ಮೊದಲು ಆಮ್ಲದಲ್ಲಿ ಹದ ಮಾಡಬೇಕು, ಇಲ್ಲದಿದ್ದರೆ ಎಲ್ಲ ಸೋಪಾಗುತ್ತದೆ. ಮೆಥನಾಲ್ ವಿಷ, ಅದರ ಜೊತೆಗೂ ಮನೆಯಲ್ಲಿ ಆಟವಾಡಬಾರದು. ಮಡೆನೂರಿಗೆ ಹೋಗಿ ತಿಳಿದವರ ಹತ್ತಿರ ಕಲಿಯಿರಿ. ಬಸ್ಸಿನ ದೂರವಷ್ಟೇ.

ಕಾಲೇಜಿನ ಮಕ್ಕಳಿಗೆ ಬೇರೆ ಹೇಳುತ್ತೇನೆ. ನೀವು ಪ್ಲಾಸ್ಟಿಕ್ ಎಣ್ಣೆಯ ಪ್ರಯೋಗ ಬಿಡಬೇಡಿ, ಮಾಡಿ. ಗುರುಗಳ ಕಣ್ಣೆದುರಿಗೆ, ಲ್ಯಾಬಿನಲ್ಲಿ, ಟೆಸ್ಟ್ ರಿಗ್ಗಿನ ಹಳೆಯ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಮಾಡಿ. ಬಟ್ಟಿಯಿಳಿಸಿದ ಎಣ್ಣೆಯನ್ನು ಹತ್ತು, ಇಪ್ಪತ್ತು ಪಾಲು ಮಾತ್ರ ಡೀಸೆಲಿಗೆ ಬೆರೆಸಿ. ಸ್ಟಾರ್ಟ್ ಮಾಡುವುದೂ ನಿಲ್ಲಿಸುವುದೂ ಶುದ್ಧ ಡೀಸೆಲಿನಲ್ಲಿ ಆಗಲಿ, ಪಂಪಿನಲ್ಲಿ ಆ ಎಣ್ಣೆ ನಿಂತು ಅಂಟಾಗಬಾರದು. ಎಂಜಿನ್ ಓಡಿತು, ದಕ್ಷತೆ ಇಷ್ಟು ಬಂತು ಎಂದು ಗ್ರಾಫ್ ಹಾಕಿ ವರದಿ ಮುಗಿಸಬೇಡಿ. ಫ್ಲಾಶ್ ಪಾಯಿಂಟು, ಸ್ನಿಗ್ಧತೆ, ಆಮ್ಲದ ಅಂಶ, ತಾಮ್ರದ ಪಟ್ಟಿಯ ತುಕ್ಕು ಪರೀಕ್ಷೆ, ಇಷ್ಟನ್ನೂ ಬರೆಯಿರಿ. ನೂರು ಗಂಟೆ ಓಡಿಸಿ ನಾಜಲ್ ಬಿಚ್ಚಿ ಫೋಟೋ ಹಾಕಿ. ಅರಕಲಗೂಡಿನ ರೈತನಿಗೆ ಬೇಕಾದ ಉತ್ತರ ಆ ಫೋಟೋದಲ್ಲಿ ಇರುತ್ತದೆ.

ಈಗಾಗಲೇ ಟ್ಯಾಂಕಿಗೆ ಹೊಯ್ದುಬಿಟ್ಟಿದ್ದೀರಾ? ಗಾಬರಿ ಬೇಡ, ಆದರೆ ಇನ್ನು ಓಡಿಸಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ತೆಗೆದದ್ದನ್ನು ನಾಲೆಗೋ ಚರಂಡಿಗೋ ಚೆಲ್ಲದೆ ಬಿಗಿ ಮುಚ್ಚಳದ ಕಬ್ಬಿಣದ ಕ್ಯಾನಿಗೆ ಹಾಕಿ, ಹೆಸರು ಬರೆದು, ಮನೆಯಿಂದ ದೂರ ನೆರಳಿನಲ್ಲಿ ಇಡಿ. ಬಳಸಿದ ಆಯಿಲ್ ಕೊಳ್ಳಲು ಪರವಾನಗಿ ಇರುವವರನ್ನು ವಿಚಾರಿಸಿ. ಫಿಲ್ಟರ್ ಎರಡನ್ನೂ ಬದಲಿಸಿ, ಬಂಕಿನ ಡೀಸೆಲ್ ಹಾಕಿ, ಗಾಳಿ ತೆಗೆದು ಸ್ಟಾರ್ಟ್ ಮಾಡಿ, ಹೊರೆ ಹಾಕದೆ ಅರ್ಧ ಗಂಟೆ ಓಡಲಿ. ಆಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲಿನ ಮಟ್ಟ ಏರಿದ್ದರೆ, ಬೆರಳಿಗೆ ತೆಳುವಾಗಿ ಹತ್ತಿ ಸೀಮೆಎಣ್ಣೆಯಂಥ ವಾಸನೆ ಬಂದರೆ, ಎಂಜಿನ್ ಆಯಿಲನ್ನೂ ಆವತ್ತೇ ಬದಲಿಸಿ. ಹೊಗೆ ಇನ್ನೂ ಕಪ್ಪಾಗಿದ್ದರೆ ನಾಜಲ್ ಬಿಚ್ಚಿಕೊಂಡು ಟೆಸ್ಟರ್ ಇರುವ ಕಡೆ ಹೋಗಿ. ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ.