ಹೊಸ ಸಿನಿಮಾ ಮನೆಗೇ ಬಂದಿದೆ: ಬಾಡಿಗೆ ಕೊಟ್ಟು ನೋಡೋದಾ, ಕಾಯೋದಾ?

ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್. ತಿ. ನರಸೀಪುರದಿಂದ ಇನ್ನೂ ಸ್ವಲ್ಪ ದೂರ, ಅಲ್ಲಿಗೆ ರೈಲೂ ಇಲ್ಲ. ಮನೆಮಂದಿಯೆಲ್ಲ ಮಾಲ್‌ಗೆ ಹೋಗಿ ಒಂದು ಸಿನಿಮಾ ನೋಡಿ ಬರೋಷ್ಟರಲ್ಲಿ ಜೇಬು ಹಗುರಾಗುತ್ತೆ. ಅದೇ ಸಿನಿಮಾ ಕೆಲವು ವಾರ ಕಳೆದರೆ ಫೋನಿಗೋ ಟಿವಿಗೋ ಬರುತ್ತೆ, ಒಮ್ಮೊಮ್ಮೆ ಬಾಡಿಗೆ ಲೆಕ್ಕದಲ್ಲಿ. ಆ ಬಾಡಿಗೆ ಕೊಡಬಹುದಾ, ಬೇಡವಾ? ಭಯಪಡಬೇಡಿ, ಒಂದೊಂದಾಗಿ ನೋಡೋಣ.

ಹಂತ 1: ಸಿನಿಮಾ ಎಲ್ಲಿದೆ ಅಂತ ಹುಡುಕಿ
ಗೂಗಲ್‌ನಲ್ಲಿ ಸಿನಿಮಾದ ಹೆಸರು ಬರೆದು, ಪಕ್ಕದಲ್ಲಿ 'ಓಟಿಟಿ' ಅಂತ ಸೇರಿಸಿ. ಓಟಿಟಿ ಅಂದರೆ ಇಂಟರ್‌ನೆಟ್‌ನಲ್ಲಿ ಸಿನಿಮಾ ತೋರಿಸುವ ಆ್ಯಪ್‌ಗಳು. ಯಾವ ಆ್ಯಪ್‌ನಲ್ಲಿದೆ ಅಂತ ಗೊತ್ತಾಗುತ್ತೆ.
ಎಚ್ಚರ: ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಬರುವ 'ಫ್ರೀ' ಲಿಂಕ್ ಒತ್ತಬೇಡಿ. ಅದು ಕದ್ದ ಮಾಲು, ನಿಮ್ಮ ಫೋನಿಗೂ ಅಪಾಯ.

ಹಂತ 2: ನಿಮ್ಮ ಪ್ಯಾಕ್‌ನಲ್ಲಿ ಇದೆಯಾ ನೋಡಿ
ಪ್ರೈಮ್ ವಿಡಿಯೊದಲ್ಲಿ ನೀಲಿ ಟಿಕ್ ಕಂಡರೆ ಸಿನಿಮಾ ಚಂದಾದಲ್ಲೇ ಸೇರಿದೆ. ಹಳದಿ ಚೀಲದ ಗುರುತಿದ್ದರೆ ಬೇರೆ ದುಡ್ಡು ಕೊಡಬೇಕು. ಯೂಟ್ಯೂಬ್‌ನಲ್ಲಿ ದುಡ್ಡಿನ ಸಿನಿಮಾಗಳ ಕೆಳಗೆ 'ರೆಂಟ್', 'ಬೈ' ಅಂತ ಬಟನ್ ಇರುತ್ತೆ.
ಎಚ್ಚರ: ಒಂದು ಸಲ ನೋಡೋಕೆ 'ರೆಂಟ್' ಸಾಕು. ಅವಸರದಲ್ಲಿ 'ಬೈ' ಒತ್ತಿದರೆ ಬೆಲೆ ಜಾಸ್ತಿ.

ಹಂತ 3: ಕಾಯಬಹುದಾ ಅಂತ ಕೇಳಿಕೊಳ್ಳಿ
'ಕೆ.ಜಿ.ಎಫ್: ಚಾಪ್ಟರ್ 2' ಚಿತ್ರಮಂದಿರಕ್ಕೆ ಬಂದದ್ದು 2022ರ ಏಪ್ರಿಲ್ 14ಕ್ಕೆ. ಮೇ ಮಧ್ಯದಲ್ಲಿ ಪ್ರೈಮ್‌ನಲ್ಲಿ 199 ರೂಪಾಯಿ ಬಾಡಿಗೆಗೆ ಸಿಕ್ಕಿತು, ಚಂದಾ ಇಲ್ಲದವರೂ ನೋಡಬಹುದಿತ್ತು. ಜೂನ್ 3ಕ್ಕೆ ಚಂದಾದಾರರಿಗೆ ಹೆಚ್ಚು ದುಡ್ಡಿಲ್ಲದೆ ತೆರೆಯಿತು. ಎರಡೂವರೆ ವಾರ ಕಾದ ಚಂದಾದಾರರಿಗೆ 199 ಉಳಿಯಿತು. ನಿಮ್ಮ ಹತ್ತಿರ ಆಗಲೇ ಚಂದಾ ಇದ್ದರೆ, ದೊಡ್ಡ ನಟರ ಸಿನಿಮಾಕ್ಕೆ ಸ್ವಲ್ಪ ತಾಳ್ಮೆ ಒಳ್ಳೆಯದು. ಚಂದಾ ಇಲ್ಲದೆ, ವರ್ಷಕ್ಕೆ ಎರಡು ಮೂರು ಸಿನಿಮಾ ಮಾತ್ರ ನೋಡುವವರಿಗೆ ಬಾಡಿಗೆಯೇ ಲಾಭ.

ಹಂತ 4: ಟ್ರೇಲರ್ ಪೂರ್ತಿ ನೋಡಿ
ಸಂತೆಯಲ್ಲಿ ಹಣ್ಣು ಮುಟ್ಟಿ ನೋಡಿ ಕೊಳ್ಳಲ್ವಾ, ಹಾಗೆ. ಹೊಡೆದಾಟ ಬಿಟ್ಟು ಮಾತಿನ ಕಡೆ ಕಿವಿ ಕೊಡಿ. ಆ ಮಾತು ನಿಮ್ಮನ್ನು ಹಿಡಿದರೆ ಸಿನಿಮಾನೂ ಹಿಡಿಯುವ ಸಾಧ್ಯತೆ ಹೆಚ್ಚು.

ಹಂತ 5: ಎರಡು ವಿಮರ್ಶೆ ಓದಿ
ಸ್ಟಾರ್ ಎಣಿಸಬೇಡಿ, ಕಾರಣ ಹುಡುಕಿ. 'ನಿಧಾನ' ಅಂತ ಒಬ್ಬರು ಬೈದದ್ದೇ ನಿಮಗೆ ಇಷ್ಟವಾಗಬಹುದು.
ಎಚ್ಚರ: ಬಿಡುಗಡೆಯ ಮೊದಲ ದಿನ ಅಭಿಮಾನಿಗಳು ಹಾಕುವ ಜೈಕಾರವನ್ನು ವಿಮರ್ಶೆ ಅಂದುಕೊಳ್ಳಬೇಡಿ.

ಹಂತ 6: ಜೊತೆಗೆ ಯಾರು ಕೂರುತ್ತಾರೆ, ನಿರ್ಧರಿಸಿ
ಇದೇ ಮುಖ್ಯ ಹಂತ. ಈಚಿನ ಮೂರು ಸಿನಿಮಾ ತೆಗೆದುಕೊಳ್ಳಿ. ಮೂರೂ ಓಟಿಟಿಗೆ ಬಂದಿವೆ.
'ಸು ಫ್ರಂ ಸೋ' (2025): ಊರಿನ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಹಬ್ಬುವ ಸುದ್ದಿಯ ಕಥೆ. ಮನೆ ತುಂಬ ಜನ ಇದ್ದಾಗಲೇ ಇದರ ನಗು. ಒಬ್ಬರೇ ನೋಡಿದರೆ ಅರ್ಧ ಮಜಾ ಹೋಗುತ್ತೆ.
'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ (2023): ಮೌನವೇ ಜಾಸ್ತಿ ಇರುವ ಪ್ರೇಮಕಥೆ. ರಾತ್ರಿ ಊಟ ಮುಗಿದು ಮನೆ ಸುಮ್ಮನಾದ ಮೇಲೆ, ಇಬ್ಬರೇ ಕೂತು ನೋಡಿ. ಮಕ್ಕಳ ಗಲಾಟೆಯ ನಡುವೆ ಇದಕ್ಕೆ ದುಡ್ಡು ದಂಡ.
'ಕಾಂತಾರ' (2022): ಕೊನೆಯ ಭಾಗದ ಶಬ್ದವೇ ಅದರ ಜೀವ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಟಿವಿಯಲ್ಲೇ ನೋಡಿ.
ಮಕ್ಕಳಿದ್ದರೆ ಸರ್ಟಿಫಿಕೇಟ್ ನೋಡಿ. ಈಗ ಯುಎ ಅನ್ನೋದು 7+, 13+, 16+ ಅಂತ ಮೂರು ಭಾಗವಾಗಿದೆ.

ಹಂತ 7: ಡೇಟಾ ನೋಡಿಕೊಳ್ಳಿ
ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಎಚ್‌ಡಿ ಸಿನಿಮಾ ಮುಗಿಯುವ ಮುಂಚೆ ಡೇಟಾ ಮುಗಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಕ್ವಾಲಿಟಿ ಕಡಿಮೆ ಮಾಡಿ, ಇಲ್ಲವೇ ಬಾಡಿಗೆ ಪಡೆದ ಮೇಲೆ ವೈಫೈ ಇರುವ ಕಡೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕರೆಂಟ್ ಹೋದರೂ ಫೋನಿನಲ್ಲಿ ಸಿನಿಮಾ ನಿಲ್ಲಲ್ಲ.

ಹಂತ 8: ದುಡ್ಡು ಕಟ್ಟಿ
'ರೆಂಟ್' ಒತ್ತಿ, ಮೊತ್ತ ಓದಿ, ಆಮೇಲೆ ಒಪ್ಪಿಗೆ ಕೊಡಿ. ಬಾಡಿಗೆ ಒಂದೇ ಸಲದ ಲೆಕ್ಕ, ಮುಂದಿನ ತಿಂಗಳು ತಾನಾಗೇ ಕಟ್ ಆಗಲ್ಲ.
ಎಚ್ಚರ: 'ಫ್ರೀ ಟ್ರಯಲ್' ಬೇರೆ. ಅದನ್ನು ನಿಲ್ಲಿಸೋದು ಮರೆತರೆ ದುಡ್ಡು ಹೋಗುತ್ತಲೇ ಇರುತ್ತೆ.

ಹಂತ 9: ಎಲ್ಲರೂ ಸೇರಿದ ಮೇಲೆ 'ಪ್ಲೇ' ಒತ್ತಿ
ಸಾಮಾನ್ಯವಾಗಿ ಬಾಡಿಗೆ ಪಡೆದ ಮೇಲೆ ಶುರು ಮಾಡಲು 30 ದಿನ, ಶುರು ಮಾಡಿದ ಮೇಲೆ ಮುಗಿಸಲು 48 ಗಂಟೆ ಇರುತ್ತೆ. ನಂಜನಗೂಡಿನ ದೊಡ್ಡ ಜಾತ್ರೆಗೆ ನೆಂಟರು ಬರುವವರಿದ್ದರೆ ಮುಂಚೆಯೇ ಬಾಡಿಗೆ ಪಡೆದಿಡಿ. ಅವರು ಬಂದ ರಾತ್ರಿ ಹಾಕಿ, ಒಂದೇ ಬಾಡಿಗೆಯಲ್ಲಿ ಹತ್ತು ಜನ ನೋಡಬಹುದು.
ಎಚ್ಚರ: 'ಹೇಗಿದೆ ನೋಡೋಣ' ಅಂತ ಐದು ನಿಮಿಷ ಹಾಕಿದರೂ ಗಡಿಯಾರ ಓಡೋಕೆ ಶುರುವಾಗುತ್ತೆ.

ಹಂತ 10: ನಿಮ್ಮ ಅಭಿಪ್ರಾಯ ನಾಲ್ಕು ಜನಕ್ಕೆ ಹೇಳಿ
'ಚೆನ್ನಾಗಿದೆ' ಅಂದು ಬಿಡಬೇಡಿ. ಯಾರ ಜೊತೆ ನೋಡಬೇಕು, ಟಿವಿಯಲ್ಲೋ ಫೋನಿನಲ್ಲೋ, ಕೊಟ್ಟ ದುಡ್ಡಿಗೆ ಮೋಸ ಇಲ್ಲವಾ, ಈ ಮೂರು ಹೇಳಿ. ಕನ್ನಡದ ಸಣ್ಣ ಸಿನಿಮಾ, ಸರಣಿಗಳಿಗೆ ಓಟಿಟಿ ಬಾಗಿಲು ಸುಲಭಕ್ಕೆ ತೆರೆಯಲ್ಲ. ನಟ ರಕ್ಷಿತ್ ಶೆಟ್ಟಿ ಅವರ ಬಳಗ 'ಏಕಂ' ವೆಬ್ ಸರಣಿಯನ್ನು 2024ರಲ್ಲಿ ಸ್ವಂತ ವೆಬ್‌ಸೈಟ್‌ನಲ್ಲೇ ದುಡ್ಡಿಗೆ ಬಿಡಬೇಕಾಯಿತು. ಒಳ್ಳೆಯ ಸಣ್ಣ ಸಿನಿಮಾ ಬಾಡಿಗೆಗೆ ಸಿಕ್ಕರೆ, ಅಲ್ಲಿ ಮಾತ್ರ ಕಾಯಬೇಡಿ. ದುಡ್ಡು ಕೊಟ್ಟು ನೋಡಿ, ಪಕ್ಕದ ಮನೆಯವರಿಗೂ ಹೇಳಿ. ಹಾಗೆ ನೋಡುವವರು ಇದ್ದಾರೆ ಅಂತ ಗೊತ್ತಾದರೇ ಅಂಥ ಇನ್ನೊಂದು ಸಿನಿಮಾ ಮಾಡೋಕೆ ಯಾರಾದರೂ ಧೈರ್ಯ ಮಾಡ್ತಾರೆ.