ಗೇಮಿಂಗ್ ಪಿಸಿ ಬೇಕೇ, ಚಂದಾ ಸಾಕೇ?

ಪ್ರಶ್ನೆ: ಪಿಯುಸಿ ಓದುವ ಮಗ ಗೇಮಿಂಗ್ ಪಿಸಿ ಕೊಡಿಸಿ ಅಂತ ಹಟ ಹಿಡಿದಿದ್ದಾನೆ. ಕ್ಲೌಡ್ ಗೇಮಿಂಗ್‌ಗೆ ತಿಂಗಳ ಚಂದಾ ಕಟ್ಟಿದರೆ ಮನೆಯ ಹಳೆ ಲ್ಯಾಪ್‌ಟಾಪೇ ಸಾಕಂತೆ, ಹೌದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೌದು, ಆದರೆ ನಿಮ್ಮ ಮನೆಯ ಇಂಟರ್ನೆಟ್ ಚೆನ್ನಾಗಿರಬೇಕು.

ಇಲ್ಲಿ ಗೇಮ್ ಓಡುವುದು ಕಂಪನಿಯ ಡೇಟಾ ಸೆಂಟರಿನಲ್ಲಿರುವ ಕಂಪ್ಯೂಟರಿನಲ್ಲಿ. ನಿಮ್ಮ ಲ್ಯಾಪ್‌ಟಾಪಿಗೆ ಬರುವುದು ಅದರ ವಿಡಿಯೊ ಮಾತ್ರ. ಹಾಗಾಗಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ, ಗೇಮ್ ಡೌನ್‌ಲೋಡ್ ಆಗಲಿ ಎಂದು ರಾತ್ರಿಯಿಡೀ ಕಾಯುವ ಗೋಜೂ ಇಲ್ಲ.

ತೊಡಕು ಇರುವುದು ಹೋಗಿಬರುವ ಹೊತ್ತಿನಲ್ಲಿ. ಮಗ ಬಟನ್ ಒತ್ತಿದ ಸುದ್ದಿ ಡೇಟಾ ಸೆಂಟರಿಗೆ ಹೋಗಬೇಕು, ಅಲ್ಲಿ ಚಿತ್ರ ತಯಾರಾಗಿ, ವಿಡಿಯೊ ಆಗಿ ಕುಗ್ಗಿ, ವಾಪಸ್ ಬಂದು ಪರದೆಯ ಮೇಲೆ ಬಿಚ್ಚಿಕೊಳ್ಳಬೇಕು. ಡೇಟಾ ಸೆಂಟರ್ ಸಾವಿರ ಕಿ.ಮೀ. ದೂರದಲ್ಲಿದ್ದರೆ ಫೈಬರಿನಲ್ಲಿ ಹೋಗಿಬರುವುದಕ್ಕೇ ಸುಮಾರು 10 ಮಿಲಿಸೆಕೆಂಡ್. ಉಳಿದ ಕೆಲಸಗಳದ್ದು ಅದರ ಮೇಲೆ. ಸೆಕೆಂಡಿಗೆ 60 ಚಿತ್ರ ಓಡುವ ಗೇಮಿನಲ್ಲಿ ಒಂದು ಚಿತ್ರ ಪರದೆಯ ಮೇಲಿರುವುದೇ 16.7 ಮಿಲಿಸೆಕೆಂಡ್! ಕಥೆ ಪ್ರಧಾನವಾದ ಗೇಮ್, ಚೆಸ್ಸು, ಊರು ಕಟ್ಟುವ ಆಟಗಳಲ್ಲಿ ಈ ತಡ ಗೊತ್ತೇ ಆಗುವುದಿಲ್ಲ. ಶೂಟಿಂಗ್, ಫೈಟಿಂಗ್ ಆಟಗಳಲ್ಲಿ ಮಾತ್ರ ಎದುರಾಳಿ ಮೊದಲು ಹೊಡೆದಿರುತ್ತಾನೆ. ತಡಕ್ಕಿಂತಲೂ ಕಾಡುವುದು ಅದರ ಏರುಪೇರು. ಎರಡು ಗೋಡೆ ದಾಟಿ ಬರುವ ವೈಫೈಯಲ್ಲಿ ಚಿತ್ರ ಇದ್ದಕ್ಕಿದ್ದಂತೆ ಮಸುಕಾಗುತ್ತದೆ, ನಿಂತು ನಿಂತು ಓಡುತ್ತದೆ. ಸ್ಪೀಡ್ ಪ್ಲಾನ್ ಏರಿಸುವ ಮೊದಲು ರೂಟರಿನಿಂದ ಲ್ಯಾಪ್‌ಟಾಪಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ ನೋಡಿ.

ಡೇಟಾ ಖರ್ಚೂ ಕಮ್ಮಿಯಲ್ಲ. ಎನ್ವಿಡಿಯಾದ ಕ್ಲೌಡ್ ಗೇಮಿಂಗ್ ಸೇವೆ ಜಿಫೋರ್ಸ್ ನೌ 1080ಪಿ ಚಿತ್ರಕ್ಕೆ ಕೇಳುವುದು 25 ಎಂಬಿಪಿಎಸ್. ಪೂರ್ತಿ ಬಳಸಿದರೆ ಗಂಟೆಗೆ 11 ಜಿಬಿ ದಾಟುತ್ತದೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕು ಹನ್ನೊಂದು ನಿಮಿಷಕ್ಕೆ ಖಾಲಿ. ಈ ಸೇವೆಯ ಚಂದಾದಾರರಿಗೆ ತಿಂಗಳಿಗೆ 100 ಗಂಟೆಯ ಮಿತಿಯೂ ಇದೆ. ಮಗನಿಗೆ ಅದು ಕೊರತೆ, ನಿಮಗೆ ವರ!

ಇನ್ನು ಗೇಮ್ ಯಾರದ್ದು ಎನ್ನುವ ಪ್ರಶ್ನೆ. ಗೂಗಲ್ 2019ರ ನವೆಂಬರಿನಲ್ಲಿ ಸ್ಟೇಡಿಯಾ ಎಂಬ ಇಂಥದ್ದೇ ಸೇವೆ ಶುರು ಮಾಡಿ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ಗೇಮ್ ಕೊಂಡವರಿಗೆ ಹಣ ವಾಪಸ್ ಕೊಟ್ಟಿತು, ಕಟ್ಟಿದ ಚಂದಾವನ್ನು ಕೊಡಲಿಲ್ಲ. ಎಲ್ಲ ಕಂಪನಿಯೂ ಇಷ್ಟು ಧಾರಾಳಿಯಾಗಿರುತ್ತದೆ ಅಂತ ನಂಬಿ ದುಡ್ಡು ಹಾಕಲಾಗದು. ಜಿಫೋರ್ಸ್ ನೌ ತಾನು ಗೇಮ್ ಮಾರುವುದಿಲ್ಲ. ಸ್ಟೀಮ್‌ನಂಥ ಅಂಗಡಿಯಲ್ಲಿ ನೀವು ಕೊಂಡದ್ದನ್ನು ಓಡಿಸಿಕೊಡುತ್ತದೆ, ಅಷ್ಟೇ. ಸೇವೆ ನಿಂತರೂ ಗೇಮ್ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ನನಗೆ ಈ ಏರ್ಪಾಡೇ ಮೇಲು. ಇಲ್ಲೂ ಒಂದು ತೊಂದರೆಯಿದೆ: ಪ್ರಕಾಶಕರು ಒಪ್ಪಿದ ಗೇಮುಗಳಷ್ಟೇ ಪಟ್ಟಿಯಲ್ಲಿರುತ್ತವೆ. 2020ರಲ್ಲಿ ಆಕ್ಟಿವಿಷನ್ ಬ್ಲಿಜರ್ಡ್, ಬೆಥೆಸ್ಡಾ ತಮ್ಮ ಗೇಮುಗಳನ್ನು ಹಿಂದಕ್ಕೆ ಪಡೆದಿದ್ದವು.

ಹಾಗಾಗಿ ಮಗ ಆಡುವ ಗೇಮಿನ ಹೆಸರು ಕೇಳಿ, ಅದು ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಒಂದೇ ತಿಂಗಳ ಚಂದಾ ಕಟ್ಟಿ, ಬೀದಿಯವರೆಲ್ಲ ನೆಟ್ ಬಳಸುವ ರಾತ್ರಿ ಒಂಬತ್ತರ ಹೊತ್ತಿಗೆ ಆಡಿಸಿ ನೋಡಿ. ವರ್ಷದ ಪ್ಲಾನಿಗೆ ಎಷ್ಟೇ ರಿಯಾಯಿತಿ ತೋರಿಸಿದರೂ ಆಗಲೇ ಕಟ್ಟಬೇಡಿ. ಮುಂದೆ ಎಂಜಿನಿಯರಿಂಗಿಗೋ ಅನಿಮೇಷನ್ನಿಗೋ ಸೇರುವವನಾದರೆ, ಒಳ್ಳೆಯ ಪಿಸಿ ಹೇಗೂ ಕೊಳ್ಳಬೇಕಾಗುತ್ತದೆ.